ನಕ್ಷತ್ರ ಹಾಕುವವರು

ಈಚೆಗೆ ಮೊಬೈಲಿನಲ್ಲಿ ಒಂದು ಪುಟ್ಟ ನಕ್ಷತ್ರ ಕಂಡರೆ ಸಾಕು, ನನ್ನ ಮನಸ್ಸು ಮುದುಡಿಕೊಳ್ಳುತ್ತದೆ. ಬಂಧುಗಳ ಗುಂಪಿನಲ್ಲೋ ಹಳೆಯ ಸಹಪಾಠಿಗಳ ಗುಂಪಿನಲ್ಲೋ ಯಾರಾದರೊಬ್ಬರು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿರುತ್ತಾರೆ. ಅವರು ಹೇಳಿದ ವಿಷಯಕ್ಕೆ ಹೂಂ ಅನ್ನದೆ, ಉಹೂಂ ಅನ್ನದೆ, ಇನ್ನೊಬ್ಬರು ಬಂದು ಒಂದೇ ಒಂದು ಪದ ಬರೆದು, ಅದರ ಪಕ್ಕಕ್ಕೆ ಆ ನಕ್ಷತ್ರ ಕೂರಿಸಿ ಹೋಗುತ್ತಾರೆ. ನೀವು ಬರೆದ ಪದ ತಪ್ಪು, ಸರಿಯಾದದ್ದು ಇದು ಎಂದು ಅರ್ಥ. ‘ಯು ಆರ್’ ಎಂದಿರಬೇಕಾದಲ್ಲಿ ‘ಯುವರ್’ ಎಂದವರಿಗೆ ಒಂದು ನಕ್ಷತ್ರ, ಒಂದು ಓ ಸಾಕಾದಲ್ಲಿ ಎರಡು ಓ ಬರೆದವರಿಗೆ ಇನ್ನೊಂದು. ಪುಸ್ತಕಗಳಲ್ಲಿ ಇದೇ ಗುರುತು ಪುಟದ ಬುಡದಲ್ಲಿರುವ ಟಿಪ್ಪಣಿಗೆ ನಮ್ಮನ್ನು ಕರೆದೊಯ್ಯುತ್ತಿತ್ತು. ಹೇಳುವುದು ಇನ್ನೂ ಇದೆ, ಕೆಳಗೆ ಬಾ ಎನ್ನುತ್ತಿತ್ತು. ಮೊಬೈಲಿಗೆ ಬಂದ ಮೇಲೆ ಅದು ಮಾತನ್ನು ಅಲ್ಲಿಗೇ ಮುಗಿಸುವ ಗುರುತಾಗಿದೆ.

ನಮ್ಮ ದೊಡ್ಡ ಅತ್ತಿಗೆಯ ತಂದೆ ತುಮಕೂರಿನಲ್ಲಿ ತೀರಿಕೊಂಡ ಬೆಳಗ್ಗೆ ಅತ್ತಿಗೆ ಬಂಧುಗಳ ಗುಂಪಿಗೆ ಸುದ್ದಿ ಹಾಕಿದರು. ಇಂಗ್ಲಿಷಿನಲ್ಲಿ ಹಾಕಿದರು. ಅವರ ಕೈಗೆ ಬಂದದ್ದು ಮಗನ ಹಳೆಯ ಫೋನು, ಅದರಲ್ಲಿ ಕನ್ನಡದ ಕೀಲಿಮಣೆ ಇರಲಿಲ್ಲ. ಅಲ್ಲದೆ ಅತ್ತಿಗೆ ಎಸ್ಸೆಸ್ಸೆಲ್ಸಿ ಆದ ಮೇಲೆ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಇಂಗ್ಲಿಷ್ ಜೂನಿಯರ್ ಪಾಸು ಮಾಡಿದವರು. ಆ ಅಕ್ಷರಗಳು ಅವರ ಬೆರಳಿಗೆ ಇವತ್ತಿಗೂ ತಾವಾಗಿ ಬರುತ್ತವೆ. ‘ಮೈ ಫಾದರ್ ಎಕ್ಸ್‌ಪೈರ್ಡ್ ದಿಸ್ ಮಾರ್ನಿಂಗ್ ಫೋರ್ ಥರ್ಟಿ. ಬಾಡಿ ವಿಲ್ ಬಿ ಟೇಕನ್ ಅಟ್ ಇಲೆವೆನ್. ದೋಸ್ ಹೂ ವಾಂಟ್ ಟು ಸೀ ಪ್ಲೀಸ್ ಕಮ್ ಫಾಸ್ಟ್.’ ಯಾವಾಗ ಹೋದರು, ಎಷ್ಟು ಹೊತ್ತಿಗೆ ತೆಗೆಯುತ್ತಾರೆ, ನೋಡುವವರು ಬೇಗ ಬನ್ನಿ. ಸಾವಿನ ಮನೆಯಿಂದ ಬರಬೇಕಾದ ಸುದ್ದಿ ಅಷ್ಟೂ ಅದರಲ್ಲಿತ್ತು. ಅದರ ಕೆಳಗೆ ಮೊದಲು ಬಂದದ್ದು ಸಮಾಧಾನದ ಮಾತಲ್ಲ, ನಕ್ಷತ್ರ ಹೊತ್ತ ‘ಪಾಸ್ಡ್ ಅವೇ’. ಅದರ ಜೊತೆಗೆ ಒಂದು ವಿವರಣೆ: ಎಕ್ಸ್‌ಪೈರ್ ಆಗುವುದು ಔಷಧಿ, ಮನುಷ್ಯರಲ್ಲ.

ಹಾಗೆ ಬರೆದವನು ನಮ್ಮ ಚಿಕ್ಕಪ್ಪನ ಮೊಮ್ಮಗ. ಬೆಂಗಳೂರಿನಲ್ಲಿ, ಬೇರೆಯವರು ಬರೆದದ್ದನ್ನು ದಿನವಿಡೀ ತಿದ್ದುವ ಕೆಲಸ ಅವನದು. ಹುಡುಗ ಒಳ್ಳೆಯವನು. ಅವತ್ತು ಹನ್ನೊಂದಕ್ಕೆ ಮುಂಚೆಯೇ ಹಾರ ಹಿಡಿದು ತುಮಕೂರಿಗೆ ಬಂದವರಲ್ಲಿ ಅವನೂ ಇದ್ದ. ಅತ್ತಿಗೆಯ ಕೈ ಹಿಡಿದು ಕೂತಿದ್ದ. ಆದರೂ ಆ ನಕ್ಷತ್ರ ಅತ್ತಿಗೆಯ ಮನಸ್ಸಿನಿಂದ ಹೋಗಲಿಲ್ಲ. ತಿಥಿಯೆಲ್ಲ ಮುಗಿದು ಎಷ್ಟೋ ದಿನಗಳಾದ ಮೇಲೆ ಫೋನು ಮಾಡಿ, ‘ಏನತ್ತಿಗೆ, ಗುಂಪಿನಲ್ಲಿ ನಿಮ್ಮ ಮಾತೇ ಇಲ್ಲ?’ ಎಂದೆ. ‘ನಂಗೆಲ್ಲಿ ಬರತ್ತೆ ಕಣೇ ಇಂಗ್ಲಿಷು, ಬೆಳಿಗ್ಗೆ ಒಂದು ಹೂವಿನ ಚಿತ್ರ ಹಾಕಿದ್ರೆ ಆಯ್ತು’ ಎಂದರು. ಅಲ್ಲಿಂದೀಚೆಗೆ ಅವರಿಂದ ದಾಸವಾಳ, ಮಲ್ಲಿಗೆ, ಕೈಮುಗಿದ ಬೊಂಬೆ ಇಷ್ಟೇ ಬರುತ್ತವೆ. ಅದಕ್ಕೆ ಮುಂಚೆ ಅವರು ಯಾವ ಅಂಗಡಿಯಲ್ಲಿ ಒಳ್ಳೆಯ ಹುಣಸೆಹಣ್ಣು ಬಂದಿದೆ ಎಂಬುದರಿಂದ ಹಿಡಿದು ಯಾರ ಮಗಳಿಗೆ ಗಂಡು ಗೊತ್ತಾಯಿತು ಎಂಬುದರವರೆಗೆ ಬರೆಯುತ್ತಿದ್ದರು. ಗುಂಪಿಗೆ ಆದ ನಷ್ಟ ಅದು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅತ್ತಿಗೆ ಬರೆದದ್ದರಲ್ಲಿ ತಪ್ಪಾದರೂ ಏನಿತ್ತು? ಎಕ್ಸ್‌ಪೈರ್ ಎಂಬ ಪದ ಲ್ಯಾಟಿನ್ನಿನಿಂದ ಬಂದದ್ದು. ಉಸಿರನ್ನು ಹೊರಗೆ ಬಿಡುವುದು ಎಂಬುದು ಅದರ ಮೂಲದ ಅರ್ಥ. ಔಷಧಿಯ ಡಬ್ಬಿಗೆ ಬರುವುದಕ್ಕೆ ಶತಮಾನಗಳ ಮುಂಚೆಯೇ ಇಂಗ್ಲಿಷಿನಲ್ಲಿ ಅದು ಮನುಷ್ಯರ ಕೊನೆಯುಸಿರಿಗೆ ಬಳಕೆಯಾಗಿದೆ. ಕನ್ನಡದಲ್ಲೂ ನಾವು ತೀರುವುದು ಎಂಬ ಒಂದೇ ಮಾತನ್ನು ಎರಡು ಕಡೆಗೂ ಆಡುತ್ತೇವೆ. ಮಾತ್ರೆಯ ಅವಧಿ ತೀರುತ್ತದೆ, ಮನೆಯ ಹಿರಿಯರು ತೀರಿಕೊಳ್ಳುತ್ತಾರೆ. ಹೆತ್ತ ತಂದೆಯ ಬಗ್ಗೆ ಹಾಗೆ ಹೇಳಿದಾಗ ಔಷಧಿಯ ಡಬ್ಬಿಯನ್ನು ನೆನೆದವರು ಯಾರಿದ್ದಾರೆ?

ತಿದ್ದುವುದನ್ನೇ ನಾನು ಬೇಡ ಎನ್ನುವವಳಲ್ಲ. ನನಗೆ ಇಂಗ್ಲಿಷ್ ಕಲಿಸಿದವರು ತಿದ್ದಿಯೇ ಕಲಿಸಿದರು. ನಮ್ಮೂರಿನ ಕನ್ನಡ ಶಾಲೆಯಲ್ಲಿ ಆಗ ಐದನೆಯ ತರಗತಿಗೆ ಬಂದ ಮೇಲೆ ಎ, ಬಿ, ಸಿ, ಡಿ. ಹೈಸ್ಕೂಲಿಗೆ ಬರುವ ಹೊತ್ತಿಗೆ ವಾಕ್ಯ ಕಟ್ಟಬೇಕು. ಇಂಗ್ಲಿಷ್ ಮೇಷ್ಟ್ರ ಕಂಕುಳಲ್ಲಿ ಯಾವಾಗಲೂ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಇರುತ್ತಿತ್ತು. 1935ರಲ್ಲಿ ಮೊದಲು ಅಚ್ಚಾದ ಆ ಪುಸ್ತಕದಲ್ಲೇ ನಮ್ಮ ದೇಶದ ಎಷ್ಟೋ ತಲೆಮಾರುಗಳು ಇಂಗ್ಲಿಷಿನ ವಿಧಿನಿಷೇಧಗಳನ್ನು ಕಲಿತವು. ಅದರ ರೆನ್ ಯಾರೆಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಪಿ.ಸಿ. ರೆನ್ ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವರು. ಸಹಾರಾ ಮರುಭೂಮಿಯಲ್ಲಿ ಹೋರಾಡುವ ಫ್ರೆಂಚ್ ಸೈನಿಕ ದಳದ ಕಥೆಯಾದ ‘ಬೋ ಜೆಸ್ಟ್’ ಕಾದಂಬರಿಯನ್ನು 1924ರಲ್ಲಿ ಬರೆದವರೂ ಅವರೇ. ಮೂವರು ಅಣ್ಣತಮ್ಮಂದಿರ ಸಾಹಸವನ್ನು ಅಷ್ಟು ರೋಚಕವಾಗಿ ಹೇಳಿದ ಕೈಯೇ ನಮ್ಮ ಮಕ್ಕಳ ಆರ್ಟಿಕಲ್ಲು, ಪ್ರಿಪೊಸಿಷನ್ನುಗಳನ್ನು ಜೋಡಿಸಿಟ್ಟಿತ್ತು ಎಂದು ಗೊತ್ತಾದಾಗ ಆ ದಪ್ಪ ಪುಸ್ತಕದ ಮೇಲೆ ನನಗೆ ಪ್ರೀತಿ ಹೆಚ್ಚಿತು.

ಆ ಮೇಷ್ಟ್ರ ಒಂದು ತರಗತಿ ನನಗೆ ಮರೆತಿಲ್ಲ. ಎರಡು ದಿನ ಶಾಲೆಗೆ ಬಾರದ ಹುಡುಗನೊಬ್ಬ ಎದ್ದು ನಿಂತ. ಅವರ ತರಗತಿಯಲ್ಲಿ ಕಾರಣವನ್ನು ಇಂಗ್ಲಿಷಿನಲ್ಲೇ ಹೇಳಬೇಕು. ಹುಡುಗ ಗಂಟಲು ಸರಿಮಾಡಿಕೊಂಡು, ‘ಸರ್, ಮೈ ಗ್ರ್ಯಾಂಡ್‌ಮದರ್ ಈಸ್ ಫಾಲ್ ಇನ್ ವೆಲ್, ಸರ್’ ಎಂದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು, ಕನ್ನಡದಲ್ಲಿ, ‘ಅಯ್ಯೋ, ಬದುಕಿಕೊಂಡ್ರೇನೋ?’ ಎಂದರು. ‘ಬದುಕಿದ್ರು ಸಾ, ನೀರು ಕಮ್ಮಿ ಇತ್ತು. ಕಾಲು ಮುರೀತು.’ ‘ಯಾರು ಇಳಿದು ತೆಗೆದ್ರು?’ ‘ನಮ್ಮಾವ, ಸಾ.’ ಯಾವ ಆಸ್ಪತ್ರೆಗೆ ಸೇರಿಸಿದ್ದಾರೆ, ಮನೆಯಲ್ಲಿ ಅಡುಗೆ ಯಾರು ಮಾಡುತ್ತಿದ್ದಾರೆ, ಎಲ್ಲ ವಿಚಾರಿಸಿದರು. ಅದಾದ ಮೇಲೆ, ‘ಬಾಪ್ಪ ಇಲ್ಲಿ’ ಎಂದು ಬೋರ್ಡಿನ ಹತ್ತಿರ ಕರೆದು, ಅವನ ಕೈಯಿಂದಲೇ ‘ಫೆಲ್’ ಎಂದು ಬರೆಸಿದರು. ಅಜ್ಜಿ ಬಿದ್ದದ್ದು ಮೊನ್ನೆ, ಆದ್ದರಿಂದ ಫೆಲ್. ಇಡೀ ತರಗತಿ ಅದನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಂಡಿತು. ಆ ಪದವನ್ನು ನಮ್ಮಲ್ಲಿ ಯಾರೂ ಮುಂದೆ ತಪ್ಪಿದ್ದು ನನಗೆ ನೆನಪಿಲ್ಲ. ಮೊದಲು ಅಜ್ಜಿ, ಆಮೇಲೆ ವ್ಯಾಕರಣ. ಈ ಕ್ರಮವನ್ನು ಅವರು ಯಾವ ತರಬೇತಿಯಲ್ಲೂ ಕಲಿತಿರಲಾರರು.

ಆಮೇಲೆ ನನ್ನ ಉದ್ಯೋಗವೂ ಇಂಥ ಇಂಗ್ಲಿಷಿನ ನಡುವೆಯೇ ನಡೆಯಿತು. ಬ್ಯಾಂಕಿನಲ್ಲಿ ಸಾಲದ ವಿಭಾಗ. ಬಯಲುಸೀಮೆಯ ಒಂದು ಸಣ್ಣ ಊರಿನ ಶಾಖೆ. ಬ್ಯಾಂಕಿಗೆ ಇಂಗ್ಲಿಷಿನಲ್ಲೇ ಬರೆಯಬೇಕೇನೋ ಎಂಬ ಅಳುಕಿನಿಂದ ರೈತರು ಓದಿದ ಮಗನ ಕೈಯಲ್ಲೋ ಪಿಯುಸಿ ಮಗಳ ಕೈಯಲ್ಲೋ ಅರ್ಜಿ ಬರೆಸಿ ತರುತ್ತಿದ್ದರು. ‘ಐ ಬೆಗ್ ಟು ಸ್ಟೇಟ್’ ಎಂದು ಶುರುವಾಗಿ ‘ಕೈಂಡ್ಲಿ ಡು ದ ನೀಡ್‌ಫುಲ್ ಅಂಡ್ ಒಬ್ಲೈಜ್’ ಎಂದು ಮುಗಿಯುವ ಕಾಗದಗಳು. ನಡುವೆ ಬದುಕು. ಒಂದು ಕಾಗದ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ರೂಲು ಹಾಕಿದ ಹಾಳೆ, ನೀಲಿ ಇಂಕು, ಮಡಿಕೆಯ ಜಾಗದಲ್ಲಿ ಬೆವರಿಗೆ ಅಕ್ಷರ ಸ್ವಲ್ಪ ಹರಡಿತ್ತು. ‘ಮೈ ಕೌ ಈಸ್ ನಾಟ್ ಗಿವಿಂಗ್ ಮಿಲ್ಕ್ ಬಿಕಾಸ್ ಶಿ ಈಸ್ ಕ್ಯಾರಿಯಿಂಗ್. ಆಫ್ಟರ್ ಡೆಲಿವರಿ ಐ ವಿಲ್ ಪೇ ಆಲ್ ಇನ್‌ಸ್ಟಾಲ್‌ಮೆಂಟ್ ವಿಥೌಟ್ ಫೇಲ್.’ ಹಸು ಗಬ್ಬವಾಗಿದೆ, ಹಾಲು ಬತ್ತಿದೆ, ಈದ ಮೇಲೆ ಕಂತು ಕಟ್ಟುತ್ತೇನೆ. ವ್ಯವಸಾಯ ಗೊತ್ತಿದ್ದ ನಮ್ಮ ಮ್ಯಾನೇಜರು ಅದನ್ನು ಓದಿ, ‘ಎಷ್ಟು ತಿಂಗಳಂತೆ?’ ಎಂದು ಕೇಳಿ, ಲೆಕ್ಕ ಹಾಕಿ, ಅಂಚಿನಲ್ಲಿ ಕಂತಿನ ದಿನ ಮುಂದೂಡಿ ಸಹಿ ಮಾಡಿದರು. ಪಶುವೈದ್ಯರ ವರದಿಯೂ ಅಷ್ಟು ಚೊಕ್ಕವಾಗಿ ಹೇಳುತ್ತಿರಲಿಲ್ಲ.

ಆ ‘ಡು ದ ನೀಡ್‌ಫುಲ್’ ಎಂಬುದನ್ನು ಹಿಡಿದು ಈಗ ಬಹಳ ಜನ ನಗುತ್ತಾರೆ. ಅದನ್ನು ನಾವು ಹುಟ್ಟಿಸಿದ್ದಲ್ಲ. ಬ್ರಿಟಿಷರ ಕಚೇರಿಗಳಲ್ಲಿ ಒಂದು ಕಾಲಕ್ಕೆ ಸಲೀಸಾಗಿ ಓಡಾಡುತ್ತಿದ್ದ ಮಾತು. ಅವರು ಅದನ್ನು ಕೈಬಿಟ್ಟರು, ನಾವು ಉಳಿಸಿಕೊಂಡೆವು. ‘ಔಟ್ ಆಫ್ ಸ್ಟೇಷನ್’ ಕೂಡ ಹಾಗೆಯೇ. ಅಧಿಕಾರಿಗಳೂ ದಂಡೂ ಬೀಡುಬಿಟ್ಟ ಊರಿಗೆ ಸ್ಟೇಷನ್ ಎನ್ನುತ್ತಿದ್ದ ಕಾಲದ ಮಾತು ಅದು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಂಡು ಪ್ರದೇಶದ ಹೆಸರೇ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದಿತ್ತು. 1949ರಲ್ಲಿ ಪೇಟೆಯೂ ದಂಡೂ ಒಂದೇ ಕಾರ್ಪೊರೇಷನ್ನಿಗೆ ಸೇರಿದವು. ಊರು ಒಂದಾದರೂ ಮಾತು ಉಳಿದುಕೊಂಡಿತು. ಇವತ್ತಿಗೂ ನಮ್ಮ ಪಕ್ಕದ ಮನೆಯ ಹಿರಿಯರು ಮಗಳ ಮನೆಗೆ ಹೋಗುವಾಗ ಹಾಲಿನವನಿಗೆ, ‘ಮೂರು ದಿನ ಔಟ್ ಆಫ್ ಸ್ಟೇಷನ್ನಪ್ಪಾ’ ಎಂದು ಹೇಳಿ ಹೋಗುತ್ತಾರೆ.

ನನಗೆ ಇದಕ್ಕಿಂತ ಇಷ್ಟವಾಗುವುದು ಇಂಗ್ಲಿಷಿನ ಮೈಯೊಳಗೆ ಕನ್ನಡ ಉಸಿರಾಡುವ ಮಾತುಗಳು. ಬೆಂಗಳೂರು, ಮೈಸೂರುಗಳ ಮಕ್ಕಳು ಮನೆಯಿಂದ ಹೊರಡುವಾಗ ‘ಐ ವಿಲ್ ಗೋ ಅಂಡ್ ಕಮ್’ ಎನ್ನುತ್ತಾರೆ. ಹೋಗುತ್ತೇನೆ ಎಂದು ಬರೀ ಹೇಳಿ ಹೊಸ್ತಿಲು ದಾಟುವುದನ್ನು ನಮ್ಮ ಮನೆಗಳಲ್ಲಿ ಒಪ್ಪುವುದಿಲ್ಲ. ‘ಹೋಗಿ ಬರ್ತೀನಿ’ ಎನ್ನಬೇಕು. ಅಜ್ಜಿ ಇದ್ದರೆ ‘ಬರ್ತೀನಿ ಅನ್ನು’ ಎಂದು ಹೇಳಿಸಿಯೇ ಕಳಿಸುತ್ತಾಳೆ. ಆ ಮಗುವಿನ ಇಂಗ್ಲಿಷಿನಲ್ಲಿ ಅಜ್ಜಿಯ ಆ ಕಾಳಜಿ ಹಾಗೇ ಇದೆ. ಯಾಕೆ ಬಂದೆ ಎಂದರೆ ‘ಸಿಂಪ್ಲಿ’ ಎನ್ನುತ್ತಾರೆ. ನಿಘಂಟಿನ ಸಿಂಪ್ಲಿ ಸರಳವಾಗಿ ಎನ್ನುತ್ತದೆ. ನಮ್ಮ ಸಿಂಪ್ಲಿ ‘ಸುಮ್ನೆ’. ಕೆಲಸವಿಲ್ಲದೆ, ಕಾರಣವಿಲ್ಲದೆ, ನಿಮ್ಮನ್ನು ನೋಡಿ ಹೋಗೋಣ ಅಂತ. ಈ ಸುಮ್ನೆಗೆ ಸರಿಯಾದ ಇಂಗ್ಲಿಷ್ ಹುಡುಕಿ ನೋಡಿ, ಸಿಗುವುದಿಲ್ಲ. ‘ಐ ಆಮ್ ಹಿಯರ್ ಓನ್ಲಿ’ ಎಂದರೆ ‘ಇಲ್ಲೇ ಇದೀನಿ’. ಆ ‘ಏ’ ಎಂಬ ಒತ್ತನ್ನು ಇಂಗ್ಲಿಷಿನಲ್ಲಿ ಎಲ್ಲಿ ಇಡುವುದು? ‘ಓನ್ಲಿ’ ಅದಕ್ಕೆ ಸಿಕ್ಕಿದ ಜಾಗ. ಮದುವೆಯಿಂದ ಬಂದವರನ್ನು ‘ಹೂ ಆಲ್ ಕೇಮ್?’ ಎಂದು ಕೇಳುವುದರಲ್ಲಿ ನಮ್ಮ ‘ಯಾರ್ಯಾರು’ ಕೂತಿದೆ. ಬರೀ ‘ಹೂ ಕೇಮ್’ ಎಂದರೆ ಒಬ್ಬರ ಹೆಸರು ಹೇಳಿ ಮುಗಿಸಬಹುದು. ‘ಯಾರ್ಯಾರು’ ಎಂದು ಕೇಳಿದವರಿಗೆ ಮೈಸೂರಿನ ಅತ್ತೆಯಿಂದ ಹಿಡಿದು ಕೈಕೊಟ್ಟ ಫೋಟೋದವನವರೆಗೆ ಪಟ್ಟಿ ಒಪ್ಪಿಸಬೇಕು.

ನೆಂಟಸ್ತಿಕೆಗೆ ಬಂದರಂತೂ ನಮ್ಮವರು ಕಟ್ಟಿಕೊಂಡ ಇಂಗ್ಲಿಷನ್ನು ನಾನು ಎದ್ದು ನಿಂತು ಗೌರವಿಸುತ್ತೇನೆ. ‘ಕಸಿನ್ ಬ್ರದರ್’ ಎಂದು ಬರೆದರೆ ತಿದ್ದುವವರು ಓಡಿ ಬರುತ್ತಾರೆ. ಕಸಿನ್ ಎಂದರೆ ಸಾಕು, ಬ್ರದರ್ ಯಾಕೆ ಎನ್ನುತ್ತಾರೆ. ಚಿಕ್ಕಪ್ಪನ ಮಗನೂ ಸೋದರಮಾವನ ಮಗನೂ ಇಂಗ್ಲಿಷಿಗೆ ಒಂದೇ ಇರಬಹುದು, ನಮಗೆ ಒಂದಲ್ಲ. ಒಬ್ಬ ಅಣ್ಣನೋ ತಮ್ಮನೋ ಆಗುತ್ತಾನೆ. ಇನ್ನೊಬ್ಬ ಭಾವನಾಗಬಹುದು, ನಮ್ಮಲ್ಲಿ ಎಷ್ಟೋ ಕುಟುಂಬಗಳಲ್ಲಿ ಗಂಡನೂ ಆಗಬಹುದು. ಹೊಸಬರಿಗೆ ಒಬ್ಬ ಹುಡುಗನನ್ನು ತೋರಿಸಿ ಕಸಿನ್ ಬ್ರದರ್ ಎನ್ನುವ ಹುಡುಗಿ ಒಂದು ಗೆರೆ ಎಳೆದು ಹೇಳುತ್ತಿದ್ದಾಳೆ. ಆ ಬ್ರದರ್ ಅಲ್ಲಿ ಹೆಚ್ಚಿನ ಪದವಲ್ಲ. ಇನ್ನು ಓರಗಿತ್ತಿಗೆ ಇಂಗ್ಲಿಷಿನಲ್ಲಿ ಪದವೇ ಇಲ್ಲ. ಗಂಡನ ಅಣ್ಣನ ಹೆಂಡತಿಯೂ ಗಂಡನ ಅಕ್ಕನೂ ಒಂದೇ ಸಿಸ್ಟರ್ ಇನ್ ಲಾ. ಒಂದೇ ಮನೆಗೆ ಸೊಸೆಯರಾಗಿ ಬಂದು, ಒಂದೇ ಒಲೆಯ ಮುಂದೆ ಸರದಿ ಹಿಡಿದವರ ಸಂಬಂಧಕ್ಕೆ ಬೇರೆ ಹೆಸರು ಬೇಡವೇ? ದಕ್ಷಿಣದ ಹೆಂಗಸರು ‘ಕೋ ಸಿಸ್ಟರ್’ ಎಂದು ಕಟ್ಟಿಕೊಂಡರು. ಗಂಡಸರು ಷಡ್ಡಕನಿಗೆ ‘ಕೋ ಬ್ರದರ್’ ಎಂದರು. ಭಾಷೆ ಕಲಿತವರು ಆ ಭಾಷೆಯಲ್ಲಿ ಇಲ್ಲದ್ದನ್ನು ಕಂಡು ಹಿಡಿದು, ಅದೇ ಭಾಷೆಯ ಸಾಮಾನು ತೆಗೆದುಕೊಂಡು ತುಂಬಿದ್ದಾರೆ. ‘ಪ್ರಿಪೋನ್’ ಹೀಗೆಯೇ ನಮ್ಮಲ್ಲಿ ಓಡಾಡಿದ ಪದ. ಪೋಸ್ಟ್‌ಪೋನ್ ಇರುವಾಗ ಅದಕ್ಕೊಂದು ಜೋಡಿ ಬೇಕಿತ್ತು. ಎಷ್ಟೋ ವರ್ಷ ನಗೆಗೀಡಾದ ಮೇಲೆ ಆಕ್ಸ್‌ಫರ್ಡ್ ನಿಘಂಟಿನಲ್ಲೂ ಅದಕ್ಕೆ ಜಾಗ ಸಿಕ್ಕಿದೆ.

ಇಂಗ್ಲಿಷ್ ಮಾತೃಭಾಷೆಯಾದವರೂ ತಪ್ಪುವುದರಲ್ಲಿ ಹಿಂದೆ ಬಿದ್ದಿಲ್ಲ. ಶೆರಿಡನ್ 1775ರಲ್ಲಿ ರಂಗಕ್ಕೆ ತಂದ ನಾಟಕದಲ್ಲಿ ಮಿಸೆಸ್ ಮ್ಯಾಲಪ್ರಾಪ್ ಎಂಬಾಕೆ ದೊಡ್ಡ ದೊಡ್ಡ ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದು ಇಟ್ಟು ಮಾತನಾಡುತ್ತಾಳೆ. ಅಂಥ ತಪ್ಪಿಗೆ ಆಕೆಯ ಹೆಸರೇ ನಿಂತಿತು. ‘ಫಾರ್ ಆಲ್ ಇಂಟೆಂಟ್ಸ್ ಅಂಡ್ ಪರ್ಪಸಸ್’ ಎಂಬುದನ್ನು ‘ಇಂಟೆನ್ಸಿವ್ ಪರ್ಪಸಸ್’ ಎಂದು ಕೇಳಿಸಿಕೊಂಡು ಹಾಗೇ ಬರೆಯುವ ಅಮೆರಿಕನ್ನರಿದ್ದಾರೆ. ಏಕಾರ್ನ್ ಎಂಬ ಓಕ್ ಮರದ ಬೀಜಕ್ಕೆ ಒಬ್ಬಾಕೆ ಎಗ್‌ಕಾರ್ನ್ ಎನ್ನುತ್ತಿದ್ದಳಂತೆ. ಬೀಜ ಮೊಟ್ಟೆಯ ಆಕಾರದಲ್ಲಿದೆಯಲ್ಲ! ಭಾಷಾವಿಜ್ಞಾನಿಗಳು ಆಕೆಯನ್ನು ಜರೆಯುವ ಬದಲು, ಹೀಗೆ ಅರ್ಥ ಕೂಡಿಸಿಕೊಂಡು ಆಗುವ ತಪ್ಪುಗಳಿಗೆಲ್ಲ 2003ರಲ್ಲಿ ಎಗ್‌ಕಾರ್ನ್ ಎಂದೇ ಹೆಸರಿಟ್ಟರು. ತಮಿಳರ ಮಿಳಗು ತಣ್ಣೀರು, ಅಂದರೆ ಮೆಣಸಿನ ಸಾರು, ಬ್ರಿಟಿಷರ ಊಟದ ಮೇಜಿನ ಮೇಲೆ ಮಲ್ಲಿಗಟಾನಿ ಸೂಪಾಯಿತು. ನಮ್ಮ ಮಡಿಕೇರಿ ಅವರ ಬಾಯಲ್ಲಿ ಮರ್ಕೆರಾ, ಶ್ರೀರಂಗಪಟ್ಟಣ ಸೆರಿಂಗಪಟಮ್. ಗೆಜೆಟಿಯರುಗಳಲ್ಲಿ, ರೈಲು ನಿಲ್ದಾಣಗಳ ಹಲಗೆಗಳಲ್ಲಿ ಅವರ ಉಚ್ಚಾರಣೆಯೇ ಊರಿನ ಹೆಸರಾಯಿತು. ಬೆಂಗಳೂರು, ಬೆಳಗಾವಿ, ಬಳ್ಳಾರಿ ಸೇರಿದಂತೆ 12 ಊರುಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಹಾಗೆಯೇ ಇರಬೇಕೆಂದು ಆದೇಶವಾದದ್ದು 2014ರ ನವೆಂಬರ್ 1ರಂದು. ಆ ತಿದ್ದುಪಡಿ ಆಗಬೇಕಾದದ್ದೇ. ಅದರಿಂದ ಯಾವ ವ್ಯಕ್ತಿಯೂ ತಲೆ ತಗ್ಗಿಸಬೇಕಾಗಿ ಬರಲಿಲ್ಲ.

ಕನ್ನಡಕ್ಕೆ ಬಂದರೆ ನನಗೆ ಇನ್ನೂ ಸಂಕಟ. ಇಂಗ್ಲಿಷಿನ ನಕ್ಷತ್ರ ಈಗ ಕನ್ನಡಕ್ಕೂ ಇಳಿದಿದೆ. ಹಾಲು ಎನ್ನುವಲ್ಲಿ ಆಲು, ಹಬ್ಬ ಎನ್ನುವಲ್ಲಿ ಅಬ್ಬ ಎಂದು ಯಾರಾದರೂ ಬರೆದರೆ ಅದರ ಕೆಳಗೆ ನಗುವ ಮುಖಗಳ ಸಾಲು. ಪಂಪ 10ನೇ ಶತಮಾನದಲ್ಲಿ ಬರೆಯುವಾಗ ಹಾಲು ‘ಪಾಲ್’ ಆಗಿತ್ತು, ಹೂವು ‘ಪೂ’ ಆಗಿತ್ತು. ಮುಂದಿನ ಕೆಲವು ಶತಮಾನಗಳಲ್ಲಿ ಪಕಾರ ಸವೆದು ಹಕಾರವಾಯಿತು. ಅದೇ ಹಕಾರ ಇನ್ನಷ್ಟು ಸವೆದು ಕೆಲವರ ನಾಲಗೆಯಲ್ಲಿ ಅಕಾರವಾಗಿ ನಿಂತಿದೆ. ಆ ನಾಲಗೆಗಳು ಹೆಚ್ಚಾಗಿ ಶಾಲೆಯ ಮೆಟ್ಟಿಲು ತಡವಾಗಿ ಹತ್ತಿದ ಮನೆಗಳವು. ಆದ್ದರಿಂದಲೇ ಆ ನಗೆ ನನಗೆ ಉಚ್ಚಾರಣೆಯ ವಿಷಯವಾಗಿ ಮಾತ್ರ ಕೇಳಿಸುವುದಿಲ್ಲ. ಬರವಣಿಗೆಯಲ್ಲಿ ಹಾಲು ಎಂದೇ ಇರಲಿ, ಶಾಲೆಯಲ್ಲಿ ಹಾಗೆಯೇ ಕಲಿಸಲಿ. ಆದರೆ ಆಲು ಎಂದವರ ಮನೆಯ ಹಾಲು ಕುಡಿದು ಬೆಳೆದವರು ನಾವು.

ಸುಮಾರು 850ರ ಹೊತ್ತಿಗೆ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ. ಅದರ ಮೊದಲ ಪರಿಚ್ಛೇದವೇ ದೋಷ ಯಾವುದು, ದೋಷವಲ್ಲದ್ದು ಯಾವುದು ಎಂಬ ವಿಚಾರದ್ದು. ಅಂದರೆ ತಿದ್ದುವ ಹಂಬಲ ನಮ್ಮ ಮೊದಲ ಪುಸ್ತಕದಷ್ಟೇ ಹಳೆಯದು. ಆದರೆ ಅದೇ ಪುಸ್ತಕ, ಕನ್ನಡಗಳಲ್ಲಿ ಇರುವ ದೋಷ ಇಷ್ಟೇ ಎಂದು ಗೊತ್ತುಮಾಡಿ ಹೇಳಲು ವಾಸುಕಿಗೂ ಆಗದು, ಅವನೂ ಬೇಸತ್ತುಹೋದಾನು, ಏಕೆಂದರೆ ಊರೂರಿಗೆ ದೇಸಿ ಬೇರೆ ಬೇರೆ ಎಂದೂ ಹೇಳುತ್ತದೆ. ಅದನ್ನು ಬರೆದ ಶ್ರೀವಿಜಯ ಕನ್ನಡಗಳು ಎಂದು ಬಹುವಚನದಲ್ಲಿ ಹೇಳಿದ್ದನ್ನು ಓದಿದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ನಿಯಮ ಬಲ್ಲವನ ಬಾಯಲ್ಲಿ ಬಂದ ಮಾತು ಅದು. ಇಂಗ್ಲಿಷುಗಳು ಎಂದು ಹಾಗೆಯೇ ಹೇಳಬಾರದೇಕೆ?

ತಿದ್ದುವುದಕ್ಕೆ ಜಾಗ ಇದೆ. ಅಮೆರಿಕದ ಮೇನ್ ರಾಜ್ಯದಲ್ಲಿ ಹಾಲಿನ ಟ್ರಕ್ ಓಡಿಸುವವರು ಹೆಚ್ಚುವರಿ ದುಡಿಮೆಯ ಕೂಲಿಗಾಗಿ ಕೋರ್ಟಿಗೆ ಹೋದಾಗ, ಕಾನೂನಿನ ಒಂದು ಸಾಲಿನಲ್ಲಿ ಒಂದು ಅಲ್ಪವಿರಾಮ ಇಲ್ಲದ್ದೇ ಅವರ ಕೈಹಿಡಿಯಿತು. 2018ರಲ್ಲಿ ಕಂಪನಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಕರಾರು ಪತ್ರ, ಔಷಧಿಯ ಚೀಟಿ, ಪಠ್ಯಪುಸ್ತಕ ಇವುಗಳಲ್ಲಿ ಒಂದಕ್ಷರವನ್ನೂ ಬಿಡದೆ ನೋಡುವವರು ಬೇಕು. ಅಚ್ಚಿನ ಮನೆಯ ಕರಡು ತಿದ್ದುವವರ ಬಗ್ಗೆ ನನಗೆ ಅಪಾರ ಗೌರವ. ಅವರು ತಪ್ಪನ್ನು ಓದುಗರ ಕಣ್ಣಿಗೆ ಬೀಳುವ ಮುಂಚೆ ತೆಗೆಯುತ್ತಾರೆ. ಬರೆದವರ ಮಾನ ಉಳಿಯುತ್ತದೆ. ನಕ್ಷತ್ರ ಹಾಕುವವರು ಅದನ್ನೇ ಎಲ್ಲರ ಎದುರಿಗೆ ಮಾಡುತ್ತಾರೆ.

ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಬರೆಯುತ್ತಿದ್ದಾಗ ನಮ್ಮ ಮನೆಯಲ್ಲಿ ಅದಕ್ಕಾಗಿ ಕಾಯುತ್ತಿದ್ದೆವು. ಅಪ್ಪ ಮೊದಲು ಗಟ್ಟಿಯಾಗಿ ಓದಬೇಕು, ಆಮೇಲೆ ಉಳಿದವರ ಕೈಗೆ ಪತ್ರಿಕೆ. ಈ ಪದ ಸರಿಯೋ ಆ ಪದ ಸರಿಯೋ, ಇದರ ಮೂಲ ಯಾವುದು, ನಮ್ಮೂರಿನಲ್ಲಿ ಹೀಗೆ ಹೇಳುತ್ತಾರಲ್ಲ ಎಂದು ರಾಜ್ಯದ ಮೂಲೆಮೂಲೆಯಿಂದ ಜನ ಕೇಳುತ್ತಿದ್ದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಸಂಪಾದಿಸಿದವರು ಒಂದೊಂದು ಪ್ರಶ್ನೆಯನ್ನೂ ಮನೆಗೆ ಬಂದ ಅತಿಥಿಯ ಹಾಗೆ ಬರಮಾಡಿಕೊಂಡು ಉತ್ತರಿಸುತ್ತಿದ್ದರು. ಅಲ್ಲಿ ಬಂದವರೆಲ್ಲ ಕೇಳಲು ಬಂದವರು. 2021ರಲ್ಲಿ, 107ನೇ ವಯಸ್ಸಿನಲ್ಲಿ ಅವರು ನಮ್ಮನ್ನು ಬಿಟ್ಟುಹೋದಾಗ, ಎಂದೋ ಕೇಳಿದ ಒಂದು ಪದಕ್ಕೆ ಅವರು ಕೊಟ್ಟ ಉತ್ತರವನ್ನು ನೆನೆದು ಕಣ್ಣೊರೆಸಿಕೊಂಡವರು ಎಷ್ಟೋ ಜನ.

ಕೇಳಿದವರಿಗೆ ಹೇಳುವ ಸುಖ ನನಗೂ ಗೊತ್ತು. ನನ್ನ ತಂಗಿಯ ಮಗ ಶಿವಮೊಗ್ಗದಲ್ಲಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಅರ್ಜಿ ಬರೆದು, ‘ದೊಡ್ಡಮ್ಮ, ಒಂದ್ಸಲ ನೋಡ್ತೀಯಾ? ಯಾರಿಗೂ ಹೇಳ್ಬೇಡ’ ಎಂದು ರಾತ್ರಿ ಕಳಿಸಿದ. ‘ಐ ಹ್ಯಾವ್ ಪಾಸ್ಡ್ ಔಟ್ ಇನ್ ಫಸ್ಟ್ ಕ್ಲಾಸ್’ ಎಂದು ಬರೆದಿದ್ದ. ನಮ್ಮಲ್ಲಿ ಅದು ನಡೆಯುತ್ತದೆ, ಆದರೆ ಅವನ ಅರ್ಜಿ ಹೋಗಬೇಕಾದದ್ದು ಜರ್ಮನಿಯವರ ಕಂಪನಿಗೆ. ಓದುವವರು ಮೂರ್ಛೆ ಹೋದ ಎಂದುಕೊಂಡಾರು ಎಂದು ವಿವರಿಸಿದೆ. ಹುಡುಗ ಬಿದ್ದು ಬಿದ್ದು ನಕ್ಕ. ಫೋನು ಕಿವಿಗಿಟ್ಟುಕೊಂಡೇ ಒಂದೊಂದು ಸಾಲನ್ನೂ ಇಬ್ಬರೂ ಸೇರಿ ಕಟ್ಟಿದೆವು. ನಡುವೆ ಅವನಮ್ಮ ಬಂದು, ‘ಇಷ್ಟೊತ್ತಲ್ಲಿ ಯಾರ ಹತ್ರನೋ ಮಾತು?’ ಎಂದು ಗದರಿದಳು. ‘ಸುಮ್ನೆ ಕಣಮ್ಮ, ದೊಡ್ಡಮ್ಮ’ ಎಂದ. ಅರ್ಜಿಯಲ್ಲಿ ಅವನದೇ ಒಂದು ಸಾಲನ್ನು ನಾನು ಮುಟ್ಟಲಿಲ್ಲ. ‘ಐ ಕ್ಯಾನ್ ರಿಪೇರ್ ಎನಿ ಪಂಪ್’ ಎಂದಿತ್ತು. ಅವನು ಮಾಡಬಲ್ಲ, ನಾನು ಕಣ್ಣಾರೆ ನೋಡಿದ್ದೇನೆ.

ಓದುಗರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಹಿರಿಯರು ಆಡುವ ಇಂಥ ಇಂಗ್ಲಿಷ್ ಮಾತುಗಳು, ಅವರು ಮಾತ್ರ ಹೇಳುವಂಥವು ಇದ್ದೇ ಇರುತ್ತವೆ. ಕಂಡಕ್ಟರ್ ಆಗಿದ್ದ ಮಾವನದೋ, ನರ್ಸಾಗಿದ್ದ ಚಿಕ್ಕಮ್ಮನದೋ, ಊರು ಬಿಟ್ಟು ಎಂದೂ ಹೋಗದ ಅಜ್ಜಿಯದೋ. ಅವು ಕಿವಿಗೆ ಬಿದ್ದಾಗ ತಿದ್ದಬೇಡಿ, ಒಂದು ನೋಟ್ ಪುಸ್ತಕದಲ್ಲಿ ಹೇಳಿದ ಹಾಗೆಯೇ ಬರೆದಿಡಿ. ಯಾರು ಹೇಳಿದ್ದು, ಯಾವ ಊರಿನವರು, ಯಾವ ಸಂದರ್ಭದಲ್ಲಿ ಹೇಳಿದ್ದು ಎಂಬುದನ್ನೂ ಪಕ್ಕದಲ್ಲಿ ಗುರುತು ಮಾಡಿ. ನಿಘಂಟು ಮಾಡುವವರಿಗೆ ಎಲ್ಲರ ಮನೆಗೂ ಬರಲು ಆಗುವುದಿಲ್ಲ.